ಪಾಲಾಕ್ಷಯ್ಯನವರ ಒಂದು ವಿಶೇಷಣ

ಪಾಲಾಕ್ಷಯ್ಯನವರಿಗೆ ನಡೆಯುವುದೂ ಮಾತನಾಡುವುದೂ ಏಕಕಾಲಕ್ಕೆ ಒಗ್ಗಿದ್ದೇ ಇಲ್ಲ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಯಾರಾದರೂ ಆಡಿದ ಒಂದು ಶಬ್ದ ಕಿವಿಗೆ ಹಿಡಿಸಿತೆಂದರೆ ಕಾಲು ಅಲ್ಲೇ ನಿಂತುಬಿಡುತ್ತದೆ, ಹಿಂದಿನಿಂದ ಆಟೋದವನು ಹಾರನ್ ಹೊಡೆಯುತ್ತಿದ್ದರೂ, ಜೊತೆಯವರು ನಾಲ್ಕಂಗಡಿ ಮುಂದೆ ಹೋಗಿದ್ದರೂ, ತೋರುಬೆರಳೆತ್ತಿ "ಯಾವ ಅರ್ಥದಲ್ಲಿ?" ಎಂದು ಕೇಳಿ ಉತ್ತರಕ್ಕೆ ಕಾಯುತ್ತಾರೆ. ಇಂಗ್ಲಿಷ್ ಅಧ್ಯಾಪಕ ವೃತ್ತಿಯಿಂದ ಅವರು ನಿವೃತ್ತರಾದರೇ ಹೊರತು ಈ ಕುತೂಹಲ ನಿವೃತ್ತವಾಗಲಿಲ್ಲ. ಮನುಷ್ಯರ ಜಗಳಗಳಲ್ಲಿ ಮುಕ್ಕಾಲು ಪಾಲು ಒಂದೇ ಶಬ್ದದ ಎರಡು ಅರ್ಥಗಳ ಜಗಳವೆಂಬುದು ಅವರ ದೃಢವಾದ ನಂಬಿಕೆ. 'ಅನುಮಾನ'ವೆಂದರೆ ತರ್ಕಶಾಸ್ತ್ರದಲ್ಲಿ ಶಂಕೆಯಲ್ಲ, ಊಹಿಸಿ ತಿಳಿಯುವುದೆಂದು ಪತ್ನಿ ದಾಕ್ಷಾಯಣಮ್ಮನವರಿಗೆ ವಿವರಿಸಹೋಗಿ ಆರಿದ ಕಾಫಿ ಕುಡಿದದ್ದೂ ಉಂಟು.

ಕಳೆದ ವರ್ಷ ಚನ್ನರಾಯಪಟ್ಟಣದ ಕಾಲೇಜೊಂದರ ಇಂಗ್ಲಿಷ್ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಹೋದರು. ಮನೆಗೆಲಸ 'ವರ್ಕ್' ಹೌದೋ ಅಲ್ಲವೋ ಎಂಬುದು ವಿಷಯ. ಒಂದು ಪಕ್ಷಕ್ಕೆ ವರ್ಕ್ ಎಂದರೆ ಸಂಬಳ, ಇನ್ನೊಂದಕ್ಕೆ ಮೈಬೆವರು; ಇಬ್ಬರ ವಾದವೂ ಪರಸ್ಪರ ತಾಗದೆ ಹಾದುಹೋಗುತ್ತಿದ್ದುದನ್ನು ಅವರು ಬಹು ಸಂತೋಷದಿಂದ ಆಲಿಸಿದರು. ಕೊನೆಗೆ ದಂಡಿಗನಹಳ್ಳಿಯ ಶಿವರಂಜನಿಯೆಂಬ ಹುಡುಗಿ, ಜನ್ಮವಿಡೀ ದುಡಿದ ತನ್ನಜ್ಜಿ ಮಾಯಮ್ಮನನ್ನು ಊರವರು 'ಮನೇಲಿ ಕೂತೋಳು' ಎನ್ನುತ್ತಿದ್ದುದನ್ನು ಹೇಳುವಾಗ ಪಾಲಾಕ್ಷಯ್ಯನವರ ಕನ್ನಡಕ ಮಂಜಾಯಿತು. ವೇದಿಕೆಗೆ ಹೋದವರೇ ಅವಳ ಭಾಷಣವನ್ನು 'ಪೆಥೆಟಿಕ್' ಎಂದು ಕೊಂಡಾಡಿದರು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕರುಳು ಮಿಡಿಸುವಂಥದ್ದು ಎಂಬ ಅರ್ಥ; ಇಂದಿನವರ ಬಾಯಲ್ಲಿ, ತೀರಾ ಕಳಪೆ. ಸಭೆ ಗೊಳ್ಳೆಂದು ನಕ್ಕಿತು. ಮೊದಲ ಬಹುಮಾನ ಅವಳಿಗೇ ಎಂದು ಅವರು ಹೇಳುವಷ್ಟರಲ್ಲಿ ಹುಡುಗಿ ಎದ್ದು ಹೊರಟುಹೋಗಿದ್ದಳು. ಇನ್ನೆಂದೂ ವೇದಿಕೆ ಹತ್ತುವುದಿಲ್ಲವೆಂದಳಂತೆ.

ಮರುದಿನವೇ ಪಾಲಾಕ್ಷಯ್ಯ ದಂಡಿಗನಹಳ್ಳಿಯ ಬಸ್ಸು ಹತ್ತಿದರು. ಹುಡುಗಿಯ ತಂದೆ ದೇವರಾಜ್ ಜಗಲಿಯಲ್ಲಿ ಚಾಪೆಯನ್ನೇನೋ ಹಾಸಿದರು, ಮುಖ ಬಿಗಿದೇ ಇತ್ತು. ಇವರು ಶಬ್ದದ ಗ್ರೀಕ್ ಮೂಲದಿಂದ ಆರಂಭಿಸಿದರು.

"ಅವೆಲ್ಲ ನಮ್ಗೆ ಗೊತ್ತಾಗಕಿಲ್ಲ ಸಾ," ಎಂದು ದೇವರಾಜ್ ತಡೆದರು. "ನಿನ್ನೆಯಿಂದ ಮಗು ಒಂದು ತುತ್ತು ಉಂಡಿಲ್ಲ. ಅದ್ಕೇನೇಳ್ತೀರಿ?"

ಬಾಗಿಲ ಮರೆಯಲ್ಲಿದ್ದ ಶಿವರಂಜನಿ ಹೊರಬಂದಳು. "ನಿಮ್ಮರ್ಥ ಸರಿನೇ ಇರ್ಬೋದು ಸಾ. ನಕ್ಕೋರ್ಗೆ ಅದು ಗೊತ್ತಿತ್ತಾ?"

ಪಾಲಾಕ್ಷಯ್ಯ ಎತ್ತಿದ್ದ ತೋರುಬೆರಳನ್ನು ಇಳಿಸಿದರು. ಆಡುವವರು ಯಾವ ಅರ್ಥದಲ್ಲಿ ಆಡಿದರೆಂದು ಆಯುಷ್ಯವೆಲ್ಲ ವಿಚಾರಿಸಿದ್ದರು. ಕೇಳುವವರ ಎದೆಯಲ್ಲಿ ಆ ಮಾತು ಏನಾಯಿತೆಂದು ವಿಚಾರಿಸಿರಲಿಲ್ಲ.

"ಗೊತ್ತಿರ್ಲಿಲ್ಲ ಕಣಮ್ಮ," ಎಂದರು. "ನಿಮ್ಮಜ್ಜಿ ವಿಷಯ ಕೇಳಿ ನನಗೆ ಅಳು ಬಂತು. ಅಷ್ಟೇ ಹೇಳಬೇಕಾಗಿತ್ತು."

"ಇದ್ನೇ ಕಾಲೇಜಲ್ಲೂ ಏಳ್ತೀರಾ?"

ಹೇಳಿದರು. ಸೋಮವಾರ, ಅದೇ ಸಭಾಂಗಣದಲ್ಲಿ, ನಕ್ಕವರೆದುರಿಗೇ, ಕನ್ನಡದಲ್ಲಿ. ಈ ಬಾರಿ ಯಾರೂ ನಗಲಿಲ್ಲ. ಮುಂದಿನ ತಿಂಗಳು ಹಾಸನದ ಸ್ಪರ್ಧೆಯಲ್ಲಿ ಶಿವರಂಜನಿ ಮತ್ತೆ ವೇದಿಕೆ ಹತ್ತಿದಳು.

ಶಬ್ದಗಳನ್ನು ಅತಿಯಾಗಿ ಪ್ರೀತಿಸುವ ಪಂಡಿತರು ನಮ್ಮಲ್ಲಿ ಅನೇಕರಿದ್ದಾರೆ. ತಾವಾಡಿದ್ದೇ ಸರಿಯೆಂದು ಸಾಧಿಸುವ ಸಾಮಗ್ರಿ ಅವರಲ್ಲಿ ಬೇಕಾದಷ್ಟಿರುತ್ತದೆ. ಅದನ್ನೆಲ್ಲ ಬದಿಗಿಟ್ಟು, ನೊಂದವರ ಜಗಲಿಯವರೆಗೆ ಹೋಗಿ, ಅವರಿಗೆ ತಾಗುವಂತೆ ಮತ್ತೊಮ್ಮೆ ಹೇಳಬಲ್ಲವರು ಮಾತ್ರ ಅಪರೂಪ.