ಅಳಿಸಿದ ಪದ

ಕಡಲೆಕಾಳಿನಷ್ಟು ದಪ್ಪದ ಬಿಳಿ ಮಣಿ. ನಮ್ಮ ಪ್ರಯೋಗಾಲಯದಲ್ಲಿ ಮಣಿ ತಯಾರಿಸುತ್ತಿದ್ದ ಸರ್ವಮಂಗಳಾ ಅದನ್ನು ಮೊದಲ ಸಲ ನನ್ನ ಅಂಗೈಯ ಮೇಲಿಟ್ಟಾಗ ಇಟ್ಟದ್ದೇ ತಿಳಿಯಲಿಲ್ಲ, ಅಷ್ಟು ಹಗುರ. ಸುಟ್ಟ ಜೇಡಿಮಣ್ಣಿನ ಆ ಮಣಿಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿದ್ದವು. ಅವುಗಳ ಗೋಡೆಗೆ ಅವಳು ಕೊಬ್ಬನ್ನು ಒಡೆಯುವ ಕಿಣ್ವವನ್ನು ಅಂಟಿಸಿದ್ದಳು. ಊರಿನ ಹಾಲಿನ ಕಾರ್ಖಾನೆಯ ಕೊಳೆನೀರು ಇಂಥ ಲಕ್ಷಾಂತರ ಮಣಿಗಳ ನಡುವೆ ಹಾದು ಶುದ್ಧವಾಗಿ ಹೊರಬರಬೇಕಿತ್ತು. ಎಷ್ಟು ಮಣಿ ಬೇಕು, ಎಷ್ಟು ದಿನ ಬಾಳುತ್ತವೆ ಎಂದು ಸಮೀಕರಣ ಬರೆದು ಹೇಳುವುದು ಗಣಿತದವನಾದ ನನ್ನ ಕೆಲಸ.

"ಕೊಬ್ಬು ಒಳಗೆ ಹೋಗೋ ದಾರೀಲೇ ಕಟ್ಕೊಳ್ಳತ್ತೆ. ನಿಮ್ಮ ಲೆಕ್ಕದಲ್ಲಿ ರಂಧ್ರ ಕಿರಿದಾಗೋದೇ ಇಲ್ಲವಲ್ಲ?" ಎಂದು ಅವಳು ಎರಡು ಸಲ ಕೇಳಿದಳು.

ರಂಧ್ರ ಕಿರಿದಾಗುವುದನ್ನು ಲೆಕ್ಕಕ್ಕೆ ತರುವ ಒಂದು ಪದವನ್ನು ಸಮೀಕರಣಕ್ಕೆ ಸೇರಿಸಿ ನೋಡಿದೆ. ಮಣಿಗಳ ಸಾಮರ್ಥ್ಯ ತೋರಿಸುವ ವಕ್ರರೇಖೆ ಮೂರನೆಯ ವಾರಕ್ಕೇ ಕುಸಿಯಿತು. ಪ್ರಯೋಗಾಲಯದ ನಿರ್ದೇಶಕ ವಿರೂಪಾಕ್ಷಯ್ಯನವರು ಹಾಳೆ ನೋಡಿ, "ಮೊದಲಿನದೇ ಚೆನ್ನಾಗಿತ್ತಲ್ರೀ," ಎಂದರು, ಅಷ್ಟೇ. ನಾನು ಸಮೀಕರಣದಿಂದ ಆ ಪದವನ್ನು ಅಳಿಸಿದೆ. ಯಾರೂ ನನ್ನ ಕೈ ಹಿಡಿದು ಅಳಿಸಿರಲಿಲ್ಲ.

ಮಣಿಗಳ ತೊಟ್ಟಿ ಶುರುವಾದ ಎರಡು ತಿಂಗಳಿಗೆ ಕಾರ್ಖಾನೆಯ ಹಿಂದೆ, ತೊಟ್ಟಿಯಿಂದ ಹೊರಬಿಟ್ಟ ನೀರು ಇಂಗುತ್ತಿದ್ದ ಕೇರಿಯ ಬಾವಿಯಿಂದ ಹಳಸಿದ ಬೆಣ್ಣೆಯ ನಾತ ಏಳತೊಡಗಿತು. ವಿಚಾರಣೆಯ ಸಭೆಯಲ್ಲಿ ವಿರೂಪಾಕ್ಷಯ್ಯನವರು, "ಲೆಕ್ಕ ಸರಿಯಾಗಿದೆ. ಮಣಿ ಮಾಡಿದ್ದರಲ್ಲೇ ದೋಷ," ಎಂದರು.

ಸರ್ವಮಂಗಳಾ ತೊಟ್ಟಿಯಿಂದ ತಂದಿದ್ದ ಮಣಿಯೊಂದನ್ನು ಬ್ಲೇಡಿನಿಂದ ಸೀಳಿ ಮೇಜಿನ ಮೇಲಿಟ್ಟಳು. ಹೊರಗೆ ಹಳದಿ ಜಿಡ್ಡಿನ ಸಿಪ್ಪೆ. ಒಳಗೆ ಮೊದಲ ದಿನದ ಅದೇ ಬಿಳುಪು.

"ಒಳಗಿನ ಕಿಣ್ವಕ್ಕೆ ಕೆಲಸವೇ ಸಿಕ್ಕಿಲ್ಲ. ಯಾಕೆ ಅಂತ ಲೆಕ್ಕ ಬರೆದೋರು ಹೇಳಲಿ."

ಎಲ್ಲರೂ ಮೂಗಿಗೆ ಕರವಸ್ತ್ರ ಹಿಡಿದರು. ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.

"ನನಗೆ ಗೊತ್ತಿತ್ತು. ನಾನೇ ಅಳಿಸಿದೆ," ಎಂದೆ.

ತೊಟ್ಟಿಯನ್ನು ಮುಚ್ಚಿದರು. ನನ್ನ ಕೆಲಸ ಹೋಯಿತು, ಅವಳದು ಉಳಿಯಿತು. ಆಮೇಲೆ ಅವಳು ನನ್ನೊಡನೆ ಮಾತಾಡಲಿಲ್ಲ. ವಿರೂಪಾಕ್ಷಯ್ಯನವರು ಮಾತ್ರ ಬೀಳ್ಕೊಡುವಾಗ ನನ್ನ ಭುಜ ತಟ್ಟಿದರು. ಆ ಅಂಗಿಯನ್ನು ನಾನು ಮತ್ತೆ ತೊಡಲಿಲ್ಲ.

ಊರು ಬಿಡುವ ಮುನ್ನ ಕೇರಿಗೆ ಹೋದೆ. ಬಾವಿಯ ಬಳಿ ಕೆಂಚವ್ವ ಎಂಬ ಮುದುಕಿ ಒಬ್ಬಳೇ ಇದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಒಂದು ಬಕೆಟ್ ನೀರು ಸೇದಿ ನನ್ನ ಮುಂದಿಟ್ಟಳು.

"ನಿನ್ನ ಲೆಕ್ಕದಾಗೆ ಇದು ಚೊಕ್ಕ ನೀರೇನಪ್ಪಾ?"

ಕೈ ಅದ್ದಿದೆ. ಮಣಿಕಟ್ಟಿನವರೆಗೂ ಜಿಡ್ಡು ಅಂಟಿತು. ಅವಳು ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು. ಕೋಳಿಯೊಂದು ಬಂದು ಬಕೆಟ್ಟಿನಲ್ಲಿ ಕೊಕ್ಕಿಟ್ಟಿತು, ತಲೆ ಕೊಡವಿತು, ಕೊಕ್ಕನ್ನು ಮಣ್ಣಿಗೆ ಆಚೆಯೀಚೆ ಒರೆಸತೊಡಗಿತು.