ಅರ್ಧಕ್ಕೆ ನಿಂತ ಜೋಗುಳ

ಹೊಸ್ತಿಲ ಮೇಲೆ ಕುಳಿತ ಮಗು. ಆ ದಿನಗಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅದೇ. ಬೀದಿಯ ಕಡೆ ಮುಖ, ನಮ್ಮ ಕಡೆ ಬೆನ್ನು, ಬಾಯಿಗೆ ಬೀಗ. ನಮ್ಮದು ಪುರಿ ಹುರಿಯುವ ಮನೆ. ಅಪ್ಪ ತೀರಿಕೊಂಡ ಮೇಲೆ ಭಟ್ಟಿಯನ್ನು ಅವ್ವನೇ ನಡೆಸುತ್ತಿದ್ದಳು. ಒಂದು ಬೆಳಗ್ಗೆ ಬಾಗಿಲು ತೆಗೆದವಳು ಆ ಮಗುವನ್ನು ಕಂಡು, ಯಾರದೆಂದು ಬೀದಿಯಲ್ಲೆಲ್ಲ ಕೇಳಿ ಬಂದಳು. ಕಾಲುವೆ ತೋಡಲು ದೂರದೇಶದಿಂದ ಬಂದು ಊರಾಚೆ ಗುಡಿಸಲು ಹಾಕಿದ್ದವರದಿರಬೇಕು ಎಂದರು. ಅವರೊಳಗೆ ವಿಷಮಜ್ವರ ಹೊಕ್ಕಿತ್ತು. ಮೈಮೇಲೆ ಎಚ್ಚರವಿಲ್ಲದವರನ್ನು ಗಾಡಿಗೆ ಹೇರಿ ಎಲ್ಲೋ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರು. ಉಳಿದವರು ಹೆದರಿ ಗುಡಿಸಲು ಕಿತ್ತುಕೊಂಡು ಹೋಗಿದ್ದರು. ಅವ್ವ ಹೋಗಿ ನೋಡಿದಾಗ ಅಲ್ಲಿ ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು.

ಹೆಸರು ಕೇಳಿದರೆ ಮಗು ಹೇಳಲಿಲ್ಲ. ಅವ್ವ ಹೊನ್ನಿ ಎಂದು ಕರೆದಳು. ಹಗಲೆಲ್ಲ ಮೂಕಿಯಂತೆ ಹೊಸ್ತಿಲ ಮೇಲಿರುತ್ತಿದ್ದ ಹೊನ್ನಿ, ಮಲಗುವ ಹೊತ್ತಿಗೆ ಮಾತ್ರ ತನ್ನ ಮಾತಿನಲ್ಲಿ ಏನನ್ನೋ ಗುನುಗುತ್ತಿದ್ದಳು. ಒಂದೇ ಧಾಟಿ, ಅವೇ ಸಾಲುಗಳು. ಹೇಳುತ್ತ ಹೇಳುತ್ತ ಹೆಬ್ಬೆರಳು ಬಾಯಿಗೆ ಹೋಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ಅವ್ವ ಅದನ್ನು ಕಿವಿಯಲ್ಲೇ ಹಿಡಿದಳು. ಹಗಲು ಕಾದ ಮರಳು ತಿರುವುತ್ತ ಮತ್ತೆ ಮತ್ತೆ ಹೇಳಿಕೊಂಡು, ಸಂಜೆ ಹೊನ್ನಿಗೆ ಒಪ್ಪಿಸುತ್ತಿದ್ದಳು. ತಪ್ಪಿದರೆ ಆ ಪುಟಾಣಿ ಅವ್ವನ ಬಾಯಿಗೆ ಕೈ ಅಡ್ಡ ಇಟ್ಟು ಮೊದಲಿನಿಂದ ಹೇಳಿಸುತ್ತಿತ್ತು.

‘ಅದು ಬೈಗುಳವೋ ಏನೋ, ಯಾರಿಗ್ ಗೊತ್ತವ್ವ?’ ಎಂದು ನಾನು ಕಿಚಾಯಿಸಿದ್ದೆ.

‘ಮಗ ಮನಿಕತದಲ್ಲ, ಬುಡು’ ಎಂದಿದ್ದಳು ಅವ್ವ.

ಹೊನ್ನಿಗೆ ನಮ್ಮ ಮಾತು ಕಲಿಸುವ ಪಟ್ಟ ನಾನೇ ಕಟ್ಟಿಕೊಂಡಿದ್ದೆ. ಕಣ್ಣು, ಮೂಗು, ಮೊರ, ಜರಡಿ ಎಂದು ತೋರಿಸಿ ತೋರಿಸಿ ನನ್ನ ಗಂಟಲು ಒಣಗಿತೇ ಹೊರತು ಅವಳ ತುಟಿ ಬಿಚ್ಚಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತೆಂದು ನಾನು ಕೈಬಿಟ್ಟ ಮೇಲೆ, ಒಂದು ಮಧ್ಯಾಹ್ನ ನಮ್ಮ ಬೆಕ್ಕು ಹಾಲಿನ ಗಡಿಗೆ ತೂಗುಹಾಕಿದ ನೆಲುವಿಗೆ ಹಾರಲಾರದೆ ಕೆಳಗೆ ಬಿದ್ದು ಗುರುಗುಟ್ಟಿತು. ಹೊಸ್ತಿಲಿಂದ ಮಾತು ಬಂತು: ‘ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ.’ ಅವ್ವನದೇ ಗಾದೆ, ಅವ್ವನದೇ ರಾಗ. ಅವ್ವ ಜರಡಿ ಕೆಳಗಿಟ್ಟು ನಕ್ಕು ನಕ್ಕು ಅತ್ತಳು. ಅಲ್ಲಿಂದ ಮುಂದೆ ಹೊನ್ನಿಯ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಒಂದು ಕಡೆ ತುಂಬಿದಷ್ಟೂ ಇನ್ನೊಂದು ಕಡೆ ಬರಿದಾಗುತ್ತಿತ್ತೆಂದು ನಮಗೆ ತಿಳಿದದ್ದು ತಡವಾಗಿ. ಮುಂದಿನ ವರ್ಷವಿರಬೇಕು, ಅವ್ವ ಎಂದಿನಂತೆ ಆ ಹಾಡು ಎತ್ತಿಕೊಂಡಾಗ ಹೊನ್ನಿ ಮುಖ ಗಂಟಿಕ್ಕಿದಳು. ‘ಅದೇನವ್ವ ಅಂಗಂತೀಯ? ನಂಗೆ ತಿಳಿಯಾಕಿಲ್ಲ. ಕತೆ ಹೇಳು.’ ಅವ್ವ ಕತೆ ಹೇಳಿದಳು. ಆ ಹಾಡನ್ನು ಮತ್ತೆ ಹಾಡಲಿಲ್ಲ.

ಆ ಹೆಂಗಸು ಬಂದದ್ದು ಇದೆಲ್ಲ ಮರೆತಂತಾದ ಮೇಲೆ. ಧನ್ನಿ ಎಂದು ಹೆಸರು. ಬಿಸಿಲಿಗೆ ಕಪ್ಪಿಟ್ಟ ಮುಖ, ಹರಿದ ಕೆಂಪು ಲಂಗ. ನಮ್ಮ ಬಾಗಿಲಲ್ಲಿ ನಿಂತು ಹೊನ್ನಿಯನ್ನು ನೋಡಿದವಳೇ ಕೈಚಾಚಿದಳು. ಹೊನ್ನಿ ಕಿರುಚಿದಳು. ಬೀದಿಯವರು ಓಡಿಬಂದರು. ಮಕ್ಕಳ ಕಳ್ಳರ ಸುದ್ದಿ ಹಬ್ಬಿದ್ದ ಕಾಲ ಅದು. ಅವಳನ್ನು ಎಳೆದುಕೊಂಡೇ ಚಾವಡಿಗೆ ಹೋದರು. ಹಿಂದೆ ಹೊನ್ನಿಯನ್ನು ಎತ್ತಿಕೊಂಡು ಅವ್ವ, ಅವ್ವನ ಹಿಂದೆ ನಾನು.

ಚಾವಡಿಯಲ್ಲಿ ಯಜಮಾನ ಪುಟ್ಟಮಾದಪ್ಪನವರು ಕೂತಿದ್ದರು. ಅವರೆದುರು ಊರಿನ ಗಂಡಸರೂ ಕೆಮ್ಮಿ ಮಾತಾಡುತ್ತಿದ್ದರು. ಧನ್ನಿ ನೇರ ಹೋಗಿ ಅವರ ಮುಂದೆ ನಿಂತಳು.

‘ಏನ್ಲಾ ಯಜಮಾನ, ನನ್ ಕೂಸ್ ಕೊಡ್ಲಾ.’

ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು. ಯಜಮಾನರ ಮುಖ ಕೆಂಪಾಯಿತು. ಅವಳು ಹೇಳಿದ್ದನ್ನು ಕೂಡಿಸಿಕೊಂಡಾಗ ತಿಳಿದದ್ದಿಷ್ಟು: ಜ್ವರ ಇಳಿದು ಕಣ್ಣುಬಿಟ್ಟಾಗ ಆಸ್ಪತ್ರೆಯಲ್ಲಿ ಅವಳ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಗಾಡಿ ಅಡ್ಡೆಯೊಂದರಲ್ಲಿ ಗಾಡಿ ಹೊಡೆಯುವವರಿಗೆ ಮುದ್ದೆ ತೊಳಸಿ ಹಾಕುತ್ತ ನಮ್ಮ ಮಾತು ಕಲಿತಳು. ಅವರು ತಮ್ಮತಮ್ಮಲ್ಲಿ ಆಡಿದ್ದನ್ನೇ ಮಾತೆಂದು ನಂಬಿದ್ದಳು. ಅದರಲ್ಲಿ ಮರ್ಯಾದೆಯದು ಬೇರೆ ಇದೆಯೆಂದು ಹೇಳಿಕೊಡುವವರು ಯಾರಿದ್ದರು?

‘ಊರ್ ಹೆಸ್ರು ಗೊತ್ತಿಲ್ಲ. ಕೇಳಾಕೆ ಮಾತ್ ಗೊತ್ತಿಲ್ಲ’ ಎಂದಳು. ‘ಮಾತ್ ಕಲ್ತೆ. ಊರೂರ್ ಕೇಳ್ದೆ. ಕಾಲ್ವೆ ಎಲ್ಲದೆ, ಗುಡಿಸ್ಲುಗಂಟ ವಾಸ್ನೆ ಬತ್ತಿದ್ದ ಪುರಿ ಹುರಿಯೋ ಮನೆ ಎಲ್ಲದೆ ಅಂತ. ಬಂದೆ ಕಣ್ಲಾ.’

‘ಬಾಯಿ ಬಿಗಿ ಹಿಡ್ದು ಮಾತಾಡು’ ಎಂದರು ಯಜಮಾನರು. ‘ಕತೆ ಯಾರ್ ಬೇಕಾದ್ರೂ ಕಟ್ತಾರೆ. ಮಗಿಗೆ ನಿನ್ ಮಾತಲ್ಲೇ ಏನಾರ ಕೇಳು. ತಿಳ್ಕಂಡ್ ಓಗೊಟ್ರೆ ಕೂಸು ನಿಂದು. ಇಲ್ದಿದ್ರೆ ಹೊತ್ತು ಮುಳುಗೋದ್ರೊಳಗೆ ಊರು ಬುಡ್ಬೇಕು.’

ಧನ್ನಿ, ಕೆಳಗೆ ಕೂತಿದ್ದ ಅವ್ವನ ಮಡಿಲಲ್ಲಿದ್ದ ಹೊನ್ನಿಯ ಮುಂದೆ ಮೊಣಕಾಲೂರಿದಳು. ಅಲ್ಲಿಯವರೆಗೆ ಒರಟಾಗಿದ್ದ ದನಿ ಬದಲಾಯಿತು. ತನ್ನ ಮಾತಿನಲ್ಲಿ ಮೆಲ್ಲಗೆ, ಬಿಡಿಬಿಡಿಯಾಗಿ ಏನೋ ಕೇಳಿದಳು. ಕಾದಳು. ಮತ್ತೆ ಕೇಳಿದಳು. ಹೊನ್ನಿ ಅವಳ ಮುಖವನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

‘ಅಕ್ಕ, ಈಯಮ್ಮ ಏನಂತಾವ್ಳೆ?’

ಯಾರೋ ನಕ್ಕರು. ಆ ಹೆಂಗಸು ಸೋತಳೆಂದು ನನಗೆ ಸಂತೋಷವೇ ಆಯಿತು. ಧನ್ನಿ ಗಾಬರಿಯಲ್ಲಿ ನಮ್ಮ ಮಾತಿಗೆ ಹೊರಳಿದಳು. ‘ನಾನು ನಿಮ್ಮವ್ವ ಕಣ್ಲಾ, ನೋಡ್ಲಾ ಇಲ್ಲಿ.’ ಹೊನ್ನಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು.

‘ಹೆತ್ತೋಳ ಮಾತು ಮಗಿಗೆ ಮರ್ತೋಯ್ತದಾ? ಇವಳು ತಾಯಲ್ಲ’ ಎಂದು ಯಜಮಾನರು ಅವ್ವನ ಕಡೆ ತಿರುಗಿದರು. ‘ಕೆಂಚಮ್ಮ, ನೀನು ಮಗೀನ ಕರ್ಕಂಡ್ ನಡಿಯವ್ವ.’

ಅವ್ವ ಹೊನ್ನಿಯನ್ನು ಎತ್ತಿಕೊಂಡು ಎದ್ದಳು. ನಾನು ಮುಂದೆ ಓಡಿ ಮೆಟ್ಟಿಲಿಳಿದೆ. ತಿರುಗಿ ನೋಡಿದರೆ ಅವ್ವ ಮೇಲೇ ನಿಂತಿದ್ದಳು. ಮಗುವಿಗೆ ಮಾತು ಮರೆಯುತ್ತದೆಂಬುದನ್ನು ಕಣ್ಣಾರೆ ಕಂಡವರು ಆ ಚಾವಡಿಯಲ್ಲಿ ಅವಳು, ನಾನು ಇಬ್ಬರೇ. ಸುಮ್ಮನೆ ಮನೆಗೆ ಬಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವಳ ತುಟಿ ಆ ಹಳೆಯ ಸಾಲುಗಳನ್ನು ಹುಡುಕುತ್ತಿತ್ತು. ನನಗೆ ಅರ್ಥವಾಯಿತು. ಓಡಿಹೋಗಿ ಸೆರಗು ಜಗ್ಗಿದೆ.

‘ಬ್ಯಾಡ ಕಣವ್ವ. ನಡಿ ಮನೆಗೆ.’

ಅವ್ವ ಹಾಡತೊಡಗಿದಳು. ಅಷ್ಟು ಜನ ಗಂಡಸರ ಮುಂದೆ, ಅರ್ಥ ತಿಳಿಯದ ಮಾತಿನಲ್ಲಿ, ಮಗುವಿನ ತೊದಲನ್ನೂ ಬಿಡದೆ, ಒಂದೊಂದೇ ಸಾಲು. ತನ್ನನ್ನು ಮೆಟ್ಟಿಲ ಕಡೆ ತಳ್ಳುತ್ತಿದ್ದವರ ನಡುವೆ ಧನ್ನಿ ನಿಂತಲ್ಲೇ ನಿಂತಳು. ಹೊನ್ನಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಆದರೂ ಆ ಮಟಮಟ ಮಧ್ಯಾಹ್ನದಲ್ಲಿ ಅವಳು ಆಕಳಿಸಿದಳು. ಹೆಬ್ಬೆರಳು ಬಾಯಿಗೆ ಹೋಯಿತು. ತಲೆ ಅವ್ವನ ಹೆಗಲಿಗೆ ವಾಲಿತು.

ತನಗೆ ಗೊತ್ತಿದ್ದಷ್ಟು ಮುಗಿಸಿ ಅವ್ವ ನಿಲ್ಲಿಸಿದಳು. ಧನ್ನಿ ಹಾಡದಿರಲಿ ಎಂದು ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಅವ್ವ ನಿಲ್ಲಿಸಿದಲ್ಲಿಂದ ಧನ್ನಿ ಎತ್ತಿಕೊಂಡಳು. ಅದೇ ಧಾಟಿ. ನಮ್ಮ ಮನೆಯಲ್ಲಿ ಯಾರೂ ಕೇಳಿರದ ಒಂದೇ ಒಂದು ಸಾಲು, ಅಲ್ಲಿಗೆ ಹಾಡು ತಾನಾಗಿ ನೆಲೆ ಕಂಡಿತು.

‘ಏನಂದಂಗೆ ಅದು?’ ಅವ್ವ ಕೇಳಿದಳು.

ಧನ್ನಿ ತಡವರಿಸುತ್ತ ಹೇಳಿದಳು. ‘ಅಜ್ಜಿ ಮನಿಕಂಡ್ಲು. ಕರಿ ಮೇಕೆ ಮನಿಕತು. ಬಾವಿ ನೀರೂ ಮನಿಕತು. ಅಷ್ಟು ನೀ ಹೇಳ್ದೆ.’

‘ಆಮ್ಯಾಕೆ?’

‘ಅವ್ವ ಮನಿಕಂಡಿಲ್ಲ. ಹೊಸ್ತಿಲ ಮ್ಯಾಲೆ ಕುಂತವ್ಳೆ ಕಣ್ಲಾ.’

ಈ ಸಲ ಯಾರೂ ನಗಲಿಲ್ಲ. ಯಜಮಾನರು ಎದ್ದು ಹೆಗಲ ವಸ್ತ್ರ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಅವ್ವ ನಿದ್ದೆಹೋದ ಹೊನ್ನಿಯನ್ನು ಧನ್ನಿಯ ಹೆಗಲಿಗೆ ದಾಟಿಸಿದಳು.

‘ಕೂಸು ನಿಂದೇ ಕಣವ್ವ. ಆದ್ರೆ ಇವತ್ತೇ ಎತ್ಕಂಡ್ ಹೋಗ್ಬ್ಯಾಡ. ಅದ್ಕೆ ನಿನ್ ಮಾತು ಬರಗಂಟ ನಮ್ಮನೇಲೇ ಇರು.’

ಧನ್ನಿ ಸುಗ್ಗಿಯವರೆಗೆ ಇದ್ದಳು. ಹೊನ್ನಿ ಮತ್ತೆ ಕೆಲವು ವಾರ ಬಾಯಿ ಮುಚ್ಚಿಕೊಂಡಿದ್ದು, ಒಂದು ದಿನ ಧನ್ನಿಯ ಮಾತಿನಲ್ಲೇ ಅವಳೊಡನೆ ಜಗಳ ತೆಗೆದಳು. ಧನ್ನಿಯ ‘ಲಾ’ ಮಾತ್ರ ನಾನು ಎಷ್ಟು ತಿದ್ದಿದರೂ ಹೋಗಲಿಲ್ಲ. ನಾನು ಅವಳನ್ನು ದ್ವೇಷಿಸಬೇಕೆಂದಿದ್ದೆ, ಅದೂ ಕೈಲಾಗಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಅಮ್ಮ ಮಗಳು ಪುರಿಯ ಗಂಟು ಹೊತ್ತುಕೊಂಡು ಗಾಡಿ ಹತ್ತಿದರು.

ಅಂದು ದೀಪ ಹಚ್ಚುವ ಹೊತ್ತಿಗೆ ಅವ್ವ ಒಳಗಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದಳು, ಬೀದಿಯ ಕಡೆ ಮುಖ, ನನ್ನ ಕಡೆ ಬೆನ್ನು. ಆ ಹಾಡನ್ನು ಹೇಳಿಕೊಳ್ಳುತ್ತಿದ್ದಳು. ಕೊನೆಯ ಸಾಲೂ ಈಗ ಅವಳಿಗೆ ಬರುತ್ತಿತ್ತು.

‘ಒಳಗ್ ಬಾರವ್ವ, ಕತ್ತಲಾಯ್ತು’ ಎಂದೆ.

‘ಬತ್ತೀನಿ, ನೀ ಮನಿಕ್ಕೋ’ ಎಂದಳು, ಬೀದಿಯಿಂದ ಮುಖ ತಿರುಗಿಸದೆ.