ಗೋಡೆಯ ಮೇಲಿನ ಡೂಪ್ಲಿಕೇಟ್

ಇಂಡೋನೇಷ್ಯಾದ ತೆಗಾಲ್ ಊರಿನ ಬ್ಯಾಡ್ಮಿಂಟನ್ ಹಾಲ್‌ನ ಹಿಂಬಾಗಿಲಿಗೆ ಅಂಟಿಕೊಂಡೇ ನನ್ನ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಕೂತು ರ‍್ಯಾಕೆಟ್‌ಗಳಿಗೆ ಗಟ್ಟಿಂಗ್ ಹಾಕುತ್ತಿದ್ದೇನೆ, ಅಂದರೆ ಬಲೆಯ ದಾರ ಬಿಗಿಯುವ ಕೆಲಸ. ಹೆಸರು ದಾಕಿರಿನ್, ಊರವರು ಗೌರವಕ್ಕೆ ಪಾ ದಾಕಿರಿನ್ ಅನ್ನುತ್ತಾರೆ. ಗಟ್ಟಿಂಗ್ ಹಾಕುವವರು ಈ ಊರಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಆದರೆ ಕೈಯಲ್ಲಿರುವುದು ಅಸಲಿಯೋ ಡೂಪ್ಲಿಕೇಟೋ ಅಂತ ತಿಳಿಯಬೇಕಾದರೆ ಎಲ್ಲರೂ ಬರುವುದು ನನ್ನ ಹತ್ತಿರವೇ. ಆ ಹೆಮ್ಮೆ ನನಗಿತ್ತು. ಅದು ಸ್ವಲ್ಪ ಜಾಸ್ತಿಯೇ ಇತ್ತು ಅಂತ ಈಗ ಅನಿಸುತ್ತದೆ.

ನೋಡುವುದು ಕಷ್ಟವೇನಲ್ಲ. ದಂಡ ತಲೆಗೆ ಸೇರುವ ಕಡೆ ಉಗುರಾಡಿಸಿದರೆ ಎಲ್ಲೂ ತಡೆಯಬಾರದು. ಬರೆದ ಅಕ್ಷರ ಬೆರಳಿಗೆ ತಾಕಬಾರದು. ಹಿಡಿಯ ಮೇಲಿನ ಟೊಪ್ಪಿಯಲ್ಲಿ ಕೊರೆದ ಸಂಖ್ಯೆ ನೇರವಾಗಿ, ಒಂದೇ ಆಳದಲ್ಲಿ ಇರಬೇಕು. ಕೊನೆಗೆ ನಮ್ಮ ಆಮದುದಾರರ ಮಿನುಗುವ ಚೀಟಿ. ಓರೆ ಮಾಡಿದರೆ ಬಣ್ಣ ಬದಲಾಗಬೇಕು. ಚೀಟಿ ಇಲ್ಲ ಅಂದರೆ ಮುಂದೆ ಮಾತಿಲ್ಲ, ಎತ್ತಿಕೊಂಡು ಹೋಗು ಅನ್ನುತ್ತಿದ್ದೆ. ನಮ್ಮ ಕಡೆಯ ಗಟ್ಟಿಂಗ್‌ನವರೆಲ್ಲ ಆ ಚೀಟಿಯನ್ನೇ ದೇವರು ಅಂತ ನಂಬಿದವರು.

ನನಗೊಬ್ಬ ತಮ್ಮನಿದ್ದ, ಕಸ್ನಾದಿ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವನು ಮಾಡಿದ ಪುಂಡಾಟ ಒಂದೇ, ಆದರೆ ಅದು ನನ್ನ ಮರ್ಯಾದೆಗೇ ಬಂತು. ನನ್ನ ಅಂಗಡಿಯ ಮುಂದೆಯೇ ಮೇಜು ಹಾಕಿ, ನನ್ನ ಹೆಸರು ಹೇಳಿಕೊಂಡು ಡೂಪ್ಲಿಕೇಟ್ ರ‍್ಯಾಕೆಟ್ ಮಾರಿದ. ಅದರಲ್ಲೊಂದು ಊರ ಪಂದ್ಯದ ಮಧ್ಯೆ ಪಟ್ಟನೆ ಮುರಿದು, ಮುರಿದ ತಲೆ ಎದುರಾಳಿಯ ತುಟಿ ಸೀಳಿತು. ಜನ ಬಂದು ನನ್ನ ಕೊರಳಪಟ್ಟಿ ಹಿಡಿದರು. ಆವತ್ತೇ ಅವನನ್ನು ಕತ್ತು ಹಿಡಿದು ಆಚೆ ದಬ್ಬಿದೆ. ಅವನು ಹೆಂಡತಿ ತುಮಿನಾಳನ್ನು ಊರಲ್ಲೇ ಬಿಟ್ಟು, ನಮ್ಮ ಕಡೆಯ ಎಷ್ಟೋ ಗಂಡಸರ ಹಾಗೆ, ಜಪಾನಿನ ಮೀನು ಹಡಗು ಹತ್ತಿದ.

ಮೂರು ವರ್ಷದ ಮೇಲೆ ರಜೆಗೆ ಊರಿಗೆ ಬಂದ. ಭಾನುವಾರ ಬೆಳಿಗ್ಗೆ ಹಾಲ್ ತುಂಬಿತ್ತು. ಸೀದಾ ನನ್ನ ಮೇಜಿನ ಮುಂದೆ ನಿಂತು, ಚೀಲದಿಂದ ಒಂದು ರ‍್ಯಾಕೆಟ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹೊಸದು, ಗಟ್ಟಿಂಗ್ ಇನ್ನೂ ಹಾಕಿರಲಿಲ್ಲ. ನನಗೇ ತಂದಿದ್ದು ಅಂದ.

ನಾನು ಉಗುರಾಡಿಸಿದೆ. ಎಲ್ಲೂ ತಡೆಯಲಿಲ್ಲ. ಅಕ್ಷರ ಬೆರಳಿಗೆ ಸಿಗಲಿಲ್ಲ. ಅಂಗೈ ಮೇಲಿಟ್ಟು ತೂಗಿದೆ. ಆ ತೂಕ ನನ್ನ ಕೈಗೆ ಇಷ್ಟು ವರ್ಷದಿಂದ ಗೊತ್ತಿದ್ದ ತೂಕವೇ. ನನ್ನ ಕೈಗೆ ಗೊತ್ತಿತ್ತು, ಅಲ್ಲಾನ ಆಣೆಗೂ ಗೊತ್ತಿತ್ತು. ಆದರೆ ಮಿನುಗುವ ಚೀಟಿ ಇರಲಿಲ್ಲ, ಸಂಖ್ಯೆಯ ತುದಿಯ ಎರಡು ಅಕ್ಷರ ನಾನು ನೋಡಿಯೇ ಇರದಂಥವು. ಜೊತೆಗೆ ಕೊಡುತ್ತಿದ್ದವನು ಕಸ್ನಾದಿ.

"ಚೀಟಿ ಎಲ್ಲೋ?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

"ಅಲ್ಲಿ ಬಂದರಿನ ಹತ್ರ ಅಂಗಡೀಲೇ ತಗೊಂಡಿದ್ದಣ್ಣ. ಹಿಂಗೇ ಕೊಟ್ರು."

"ಹಿಂಗೇ ಕೊಟ್ರಂತೆ. ಊರಿಗೆಲ್ಲ ಟೋಪಿ ಹಾಕಿದ್ದು ಸಾಲ್ದು ಅಂತ ಈಗ ನನಗೇ ಹಾಕಕ್ಕೆ ಬಂದ್ಯಾ?"

ಆಡುತ್ತಿದ್ದವರೂ ಆಟ ನಿಲ್ಲಿಸಿ ನಕ್ಕರು. ಅವನೂ ನಕ್ಕ. ಅವನ ಕಿವಿ ಕೆಂಪಾಗಿದ್ದು ನನಗೆ ಕಂಡಿತು, ಅದನ್ನು ನೋಡಿ ಒಳಗೊಳಗೇ ಸಮಾಧಾನವಾಯಿತು. ಒಂದು ರಟ್ಟಿನ ತುಂಡಿನ ಮೇಲೆ ಡೂಪ್ಲಿಕೇಟ್ ಅಂತ ದಪ್ಪಗೆ ಬರೆದು, ದಾರ ಕಟ್ಟಿ, ರ‍್ಯಾಕೆಟ್ಟನ್ನು ಗೋಡೆಗೆ ನೇತುಹಾಕಿದೆ. ಮುಂದೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಇಳಿಸಿ ತೋರಿಸಿದೆ. ನೋಡಿ, ಎಲ್ಲ ಸರಿಯಾಗಿ ಮಾಡಿದಾನೆ, ಚೀಟಿಯೊಂದು ಅಂಟಿಸೋಕೆ ಆಗಿಲ್ಲ ಅಂತ ಹೇಳಿ ನಗಿಸುತ್ತಿದ್ದೆ.

ಆಮೇಲೆ ಅವನು ಇನ್ನೂ ಮೂರು ಸಲ ರಜೆಗೆ ಬಂದ. ಪ್ರತಿ ಸಲವೂ ಅಂಗಡಿಗೆ ಬಂದು, ಮಣ್ಣಿನ ಕುಡಿಕೆಯಿಂದ ಮಲ್ಲಿಗೆ ಚಹಾ ಬಗ್ಗಿಸಿಕೊಂಡು ಕೂರುತ್ತಿದ್ದ. ಮೊದಲ ಎರಡು ಸಲ ಗೋಡೆ ನೋಡಿ, "ಒಂದ್ಸಲ ಗಟ್ಟಿಂಗ್ ಹಾಕಿ ಆಡಿ ನೋಡಣ್ಣ, ಆಮೇಲೆ ಬೈಯಿ," ಅಂದ. ಡೂಪ್ಲಿಕೇಟ್‌ಗೆ ನನ್ನ ಯಂತ್ರ ಮುಟ್ಟಿಸಲ್ಲ ಅಂದೆ. ಮೂರನೇ ಸಲ ಏನೂ ಕೇಳಲಿಲ್ಲ. ಗೋಡೆಯ ಕಡೆ ನೋಡಿ ತಲೆ ತಗ್ಗಿಸಿದ, ಕಲ್ಲುಸಕ್ಕರೆ ಕರಗುವವರೆಗೂ ಲೋಟ ಅಲ್ಲಾಡಿಸುತ್ತ ಕೂತ. ಅಂತೂ ಇವನಿಗೆ ನಾಚಿಕೆ ಹುಟ್ಟಿತು ಅಂದುಕೊಂಡೆ.

ಅದೇ ಸಲ ಹೋದವನು ಬರಲಿಲ್ಲ. ಬಲೆ ಎಳೆಯುವಾಗ ಅಲೆ ಬಂದು ಹೊತ್ತುಕೊಂಡು ಹೋಯಿತಂತೆ. ದೇಹ ಸಿಗಲಿಲ್ಲ. ಮಸೀದಿಯಲ್ಲಿ ದೇಹವಿಲ್ಲದೆಯೇ ನಮಾಜು ಮಾಡಿದೆವು. ನಾನು ಅತ್ತೆ, ಎಲ್ಲರಿಗಿಂತ ಜೋರಾಗಿಯೇ ಅತ್ತೆ. ಮಾರನೇ ದಿನ ಅಂಗಡಿ ತೆಗೆದಾಗ ರಟ್ಟು ಗೋಡೆಯ ಮೇಲೆ ಹಾಗೇ ಇತ್ತು. ಇಳಿಸಬೇಕು ಅಂತ ನನಗೆ ತೋಚಲೇ ಇಲ್ಲ.

ಎಂಟು ತಿಂಗಳಾದ ಮೇಲೆ ನುರ್ಲಾಯ್ಲಿ ಅನ್ನುವ ಹುಡುಗಿ ಬಂದಳು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಮಾಡಿ ವಾಪಸಾದವಳು. ಅವಳ ರ‍್ಯಾಕೆಟ್‌ನ ಗಟ್ಟಿಂಗ್ ಹರಿದಿತ್ತು. ತಿರುಗಿಸಿ ನೋಡಿದೆ, ಚೀಟಿ ಇಲ್ಲ. ಟೊಪ್ಪಿಯ ಮೇಲಿನ ಸಂಖ್ಯೆಯ ತುದಿಯಲ್ಲಿ ಅವೇ ಎರಡು ಅಕ್ಷರ. ನಾನು ಎಂದಿನ ಹಾಗೆ ಗದರಿಸಲು ಶುರುಮಾಡಿದೆ, ಎಲ್ಲಿ ಸಿಕ್ಕಿತಮ್ಮ ಈ ಕಸ ಅಂತ.

ಅವಳು ಹೆದರುವವಳಲ್ಲ. ಚೀಲದಿಂದ ಜಪಾನಿನ ಅಂಗಡಿಯ ರಸೀದಿ ತೆಗೆದು ಮೇಜಿನ ಮೇಲಿಟ್ಟಳು. "ಅಲ್ರೀ ಪಾ ದಾಕಿರಿನ್, ಆ ಚೀಟಿ ಅಂಟಿಸೋದು ನಮ್ಮೂರ ಆಮದುದಾರರು. ಅಲ್ಲೇ ಮಾರೋ ಮಾಲಿಗೆ ಅವರು ಹೋಗಿ ಚೀಟಿ ಅಂಟಿಸಿ ಬರ್ತಾರಾ? ಆ ಎರಡು ಅಕ್ಷರ ಜಪಾನಿಂದು. ಅಲ್ಲಿ ಎಲ್ಲದರ ಮೇಲೂ ಅದೇ ಇರತ್ತೆ."

ಇಷ್ಟೇ. ಒಂದು ಹುಡುಗಿಗೆ ಗೊತ್ತಿದ್ದದ್ದು ಇಪ್ಪತ್ತೆಂಟು ವರ್ಷದ ನನಗೆ ಗೊತ್ತಿರಲಿಲ್ಲ. ಗೋಡೆಯಿಂದ ರ‍್ಯಾಕೆಟ್ ಇಳಿಸಿ ಅವಳದರ ಪಕ್ಕ ಇಟ್ಟೆ. ಕೊರೆದ ಆಳ ಒಂದೇ, ಬಣ್ಣ ಒಂದೇ, ತೂಕ ಒಂದೇ. ರಸೀದಿಯನ್ನು ಅವಳ ಕೈಗೇ ವಾಪಸು ಕೊಟ್ಟೆ. ನಾಳೆ ಬಾರಮ್ಮ ಅಂತ ಹೇಳಿ ಕಳಿಸಿದೆ.

ರಟ್ಟನ್ನು ಕತ್ತರಿಸಿ ಬಿಸಾಡಿ ಗಟ್ಟಿಂಗ್ ಹಾಕಲು ಕೂತೆ. ಇಪ್ಪತ್ತಾರು ಪೌಂಡ್, ನಾನು ಆಡುವಾಗ ಹಾಕಿಸುತ್ತಿದ್ದಷ್ಟು. ಯಂತ್ರ ಎಳೆದ ಹಾಗೆಲ್ಲ ಚೌಕಟ್ಟು ಒಂದಿಷ್ಟೂ ಕಿರುಗುಟ್ಟಲಿಲ್ಲ. ಕೊನೆಯ ಗಂಟು ಹಾಕಿ ಬೆರಳಿಂದ ಮೀಟಿದಾಗ ಬಂದ ನಾದ ಅಸಲಿಯದ್ದೇ. ಅದನ್ನು ಹಿಡಿದುಕೊಂಡೇ ಹಾಲ್‌ನ ನಡುವೆ ಹೋಗಿ ನಿಂತು, ಇದು ಒರಿಜಿನಲ್, ನನ್ನ ತಮ್ಮ ತಂದಿದ್ದು, ತಪ್ಪು ನನ್ನದು ಅಂದೆ. ಅವತ್ತು ನಕ್ಕವರಲ್ಲಿ ಇಬ್ಬರೋ ಮೂವರೋ ಇದ್ದರು. ಅವರಿಗೆ ಏನೂ ನೆನಪಿರಲಿಲ್ಲ. ಆಗಲಿ ಬಿಡಿ ಪಾ ದಾಕಿರಿನ್ ಅಂತ ಒಬ್ಬ ಹೇಳಿ ಸರ್ವಿಸ್ ಮಾಡಿದ.

ಅಲ್ಲಿಂದ ಸೀದಾ ತುಮಿನಾಳ ಮನೆಗೆ ಹೋದೆ. ಅವಳು ಒಲೆಯ ಮುಂದೆ ಕೂತು ಮೀನು ಹುರಿಯುತ್ತಿದ್ದಳು. ರ‍್ಯಾಕೆಟ್ ಅವಳ ಮುಂದೆ ಚಾಚಿ, ಒರಿಜಿನಲ್ ಕಣಮ್ಮ, ನಾನೇ ಕುರುಡನಾಗಿದ್ದೆ ಅಂದೆ. ಅವನು ನನ್ನನ್ನು ಬೈದುಕೊಂಡೇ ಹೋಗಿರುತ್ತಾನೆ, ಬೈದಿದ್ದಾನೆ ಅಂತಾದರೂ ಇವಳು ಹೇಳಲಿ ಅಂತ ಕಾಯುತ್ತಿದ್ದೆ. ಅಷ್ಟಾದರೂ ನನಗೆ ಸಿಗಲಿ ಅಂತ ಇತ್ತು.

ಅವಳು ಸೌಟು ಕೆಳಗಿಟ್ಟಳು, ರ‍್ಯಾಕೆಟ್ ಮುಟ್ಟಲಿಲ್ಲ.

"ಅವರು ಕೊನೇಗೆ ಅದು ಒರಿಜಿನಲ್ ಅಂದ್ಕೊಂಡಿರ್ಲಿಲ್ಲ ಭಾವ," ಅಂದಳು. "ಆ ಬಂದರಿನ ಅಂಗಡಿಯವನೇ ನಂಗೆ ಮೋಸ ಮಾಡಿದಾನೆ ಕಣೆ, ನಮ್ಮಣ್ಣನ ಕೈ ಯಾವತ್ತೂ ತಪ್ಪಲ್ಲ ಅಂತಿದ್ರು. ಹಡಗು ಹತ್ತೋ ದಿನಾನೂ ಅದೇ ಮಾತು. ಈ ಸಲ ಚೆನ್ನಾಗಿ ವಿಚಾರ್ಸಿ, ಅಣ್ಣಂಗೆ ಒರಿಜಿನಲ್ಲೇ ತಂದುಕೊಡ್ತೀನಿ ಅಂದ್ರು."

ಬಾಣಲೆಯಲ್ಲಿ ಮೀನು ಸೀಯುತ್ತಿತ್ತು. ನಾನು ಅವಳ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.